ಚಪ್ಪಾಳೆಗೆ ಬರುವ ಮೀನು

ಜೂನ್ 14, 1981, ಭಾನುವಾರ

ಇವರು ಆಸ್ಪತ್ರೆಯಿಂದ ಮನೆಗೆ ಬಂದರು. ಒಂದು ಸಲ ಕೈಕೊಟ್ಟ ಹೃದಯ ಇನ್ನೊಂದು ಸಲ ಕೈಕೊಡುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಡಾಕ್ಟರು "ಏನೂ ಭಯ ಇಲ್ಲಮ್ಮ" ಎಂದು ನಗುತ್ತಾರೆ. ಭಯ ಇಲ್ಲದಿದ್ದರೆ ಅಷ್ಟೊಂದು ನಗುವುದೇಕೆ? ಯಾರ ಹತ್ತಿರ ಹೇಳಿಕೊಂಡರೂ ಸುತ್ತಿ ಬಳಸಿ ಇವರ ಕಿವಿಗೇ ಬೀಳುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮನೆ ಕಟ್ಟುವಾಗಲೇ ಬಡಿದುಕೊಂಡಿದ್ದೆ, ಬನಶಂಕರಿ ದಾಟಿ ಚಿಕ್ಕಲಸಂದ್ರದ ಹೊಲಗಳ ಪಕ್ಕ ಬೇಡ ಎಂದು. "ಕೆರೆ ಇದೆ, ಗಾಳಿ ಇದೆ" ಎಂದಿದ್ದರು. ಈಗ ಮಹಡಿಯ ಮೇಲೆ ನಿಂತರೆ ಹೊನ್ನಕ್ಕನ ಕೆರೆಯಲ್ಲಿ ನೀರಿಗಿಂತ ಹೆಚ್ಚಾಗಿ ಲಾರಿ ಕಾಣುತ್ತದೆ. ಹಳ್ಳಿಯವರಿಗೆ ಕೂಲಿ ಕೆಲಸ ಕೊಡಲು ಕೇಂದ್ರದಿಂದ ಹಣ ಬಂದಿದೆಯಂತೆ. ಆ ಹಣದಲ್ಲಿ ಹೂಳು ತೆಗೆದು, ಮಡು ತೋಡಿ, ಕೆರೆಯಲ್ಲಿ ಮೀನು ಮತ್ತೆ ನೆಲೆಸುವಂತೆ ಮಾಡುತ್ತಾರಂತೆ. ನಮಗೆ ನಲ್ಲಿಯಲ್ಲಿ ನೀರು ಬಿಡಲಾಗದವರು ಮೀನಿಗೆ ಮನೆ ಕಟ್ಟಿಕೊಡುತ್ತಾರೆ! ಯಾರ ಕಿವಿಗೆ ಹೂವಿಡುತ್ತಿದ್ದಾರೆ? ಈ ಕಡೆಯ ಎಷ್ಟು ಕೆರೆಗಳು ನೋಡನೋಡುತ್ತಲೇ ಸೈಟುಗಳಾಗಲಿಲ್ಲ? ಮೀನಿನ ಹೆಸರು ಹೇಳಿ ಕೆರೆ ಮುಚ್ಚುತ್ತಿದ್ದಾರೆ ಎಂದೇ ನನ್ನ ಅನುಮಾನ.

ಇವರಿಗೆ ಹೇಳಿದರೆ, "ನೀನು ಸಿ.ಐ.ಡಿ. ಆಗ್ಬೇಕಿತ್ತು ಕಣೇ" ಎಂದರು. ಇವರು ಹೆಚ್ಚು ಮಾತಾಡಬಾರದು ಎಂದಿದ್ದಾರೆ ಡಾಕ್ಟರು, ಅದಕ್ಕೆ ಮಾತ್ರೆ ಕೊಟ್ಟು ಮಲಗಿಸಿದೆ.

ಜೂನ್ 20, ಶನಿವಾರ

ಇವರು ಮಲಗಿದ್ದಾಗ ಹೋಗಿ ನೋಡಿಯೇ ಬಂದೆ. ನನ್ನ ಅನುಮಾನ ಸುಳ್ಳಾಗಿರಲಿಲ್ಲ. ತೂಬಿನ ಪಕ್ಕದ ಮೆಟ್ಟಿಲುಗಳ ಮುಂದೆ, ಒಣಗಿದ ಕೆರೆಯಂಗಳದಲ್ಲಿ, ಗಾಡಿಗಟ್ಟಲೆ ಜಾಲಿಮುಳ್ಳು ತಂದು ಹಾಕುತ್ತಿದ್ದಾರೆ. ಜೊತೆಗೆ ಒಡೆದ ಮಡಕೆ, ಸಿಮೆಂಟು ಪೈಪಿನ ತುಂಡು. ತಿಪ್ಪೆಗೆ ಹೋಗಬೇಕಾದದ್ದೆಲ್ಲ ಕೆರೆಗೆ ಬಂದಿದೆ.

ಮೀನುಗಾರಿಕೆ ಇಲಾಖೆಯ ಅಧಿಕಾರಿ ಚಿನ್ನಪ್ಪ ಎಂಬವರು ಅಲ್ಲೇ ಇದ್ದರು. "ಮೇಡಂ, ನೀರು ಬಂದ್ಮೇಲೆ ಮೀನುಮರಿ ಈ ಮುಳ್ಳೊಳಗೆ ಸೇರ್ಕೊಳ್ತವೆ. ಕದಿಯೋರು ಬಲೆ ಹಾಕಿದ್ರೆ ಮುಳ್ಳಿಗೆ ಸಿಕ್ಕಿ ಹರಿದುಹೋಗುತ್ತೆ" ಎಂದರು.

"ಬಲೆ ಹರಿಯೋದಕ್ಕೂ ಸರ್ಕಾರ ದುಡ್ಡು ಕೊಡುತ್ತಾ?" ಎಂದೆ.

ಹಿಂದೆ ನಿಂತಿದ್ದವನೊಬ್ಬ ಎಲೆಅಡಿಕೆ ಉಗಿದು ನಕ್ಕ. ಅವನು ಪಿಳ್ಳಣ್ಣ, ಬೆಸ್ತರ ಸಂಘದ ಮುಖಂಡ. ಈ ಕೆರೆಯ ಮೀನಿನ ಹಕ್ಕು ಅವರ ಸಂಘಕ್ಕಂತೆ. ಕಾವಲೂ ಅವನದೇ, ಅದಕ್ಕೆ ಯೋಜನೆಯಿಂದ ಸಂಬಳ ಬೇರೆ. "ಅಮ್ಮಾವ್ರೆ, ನೀರಿನ ವಾಸ್ನೆ ನೋಡಿ ಎಷ್ಟು ಮೀನದೆ ಅಂತ ಹೇಳ್ತೀನಿ ನಾನು. ನಮ್ಮ ತಾತನೂ ಹಂಗೇಯ" ಎಂದು ಜಂಬ ಕೊಚ್ಚಿದ. ಅವನ ಬಾಯಿಂದ ಬರುತ್ತಿದ್ದ ವಾಸನೆಯಲ್ಲಿ ಕೆರೆಯ ವಾಸನೆ ಅವನಿಗೆ ಹೇಗೆ ತಿಳಿಯುತ್ತದೋ ದೇವರೇ ಬಲ್ಲ.

ಜುಲೈ 3, ಶುಕ್ರವಾರ

ಗೆದ್ದೆ! ನಮ್ಮ ರಸ್ತೆಯ ಹೆಂಗಸರೆಲ್ಲರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದೆ. ಗೌರಿ ಬಿಡಲು ಆ ಮೆಟ್ಟಿಲು ಬಿಟ್ಟರೆ ಬೇರೆ ಜಾಗವಿಲ್ಲ, ನೀರಿಗಿಳಿದ ಮುತ್ತೈದೆಯರ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಯಾರು ಹೊಣೆ ಎಂದು ಬರೆದಿದ್ದೆ. ಇಂದು ಮೆಟ್ಟಿಲ ಮುಂದಿನ ಮುಳ್ಳನ್ನೆಲ್ಲ ಎಳೆದು ಆಚೆ ದಡಕ್ಕೆ ಸಾಗಿಸಿದರು. ಪಿಳ್ಳಣ್ಣ ನನ್ನ ಕಡೆ ನೋಡಿಕೊಂಡು ಏನೇನೋ ಗೊಣಗಿದ. ಅವನಿಗೆ ಅಷ್ಟು ಸಂಕಟವಾಗಿದೆ ಎಂದರೆ ಅದರಲ್ಲಿ ಏನೋ ಇದ್ದೇ ಇರಬೇಕು.

ಅವನ ಹೆಂಡತಿ ಅಂಕಮ್ಮ ಮಾತ್ರ ಪಾಪದವಳ ಹಾಗೆ ಕಾಣುತ್ತಾಳೆ. ಕೂಲಿಯ ಜೊತೆ ಕೊಡುವ ಗೋಧಿಯನ್ನು ಮನೆಬಾಗಿಲಿಗೆ ತಂದು, "ನಮಗೆ ಗೋಧಿ ಆಗಾಕಿಲ್ಲಮ್ಮ, ಮುದ್ದೆಗೆ ಬರಾಕಿಲ್ಲ, ತಗೊಳ್ಳಿ" ಎಂದಳು. ಮೊರಕ್ಕೆ ಸುರಿದು, ಕಲ್ಲು ಇದೆಯೋ ಎಂದು ನೋಡಿಯೇ ತೆಗೆದುಕೊಂಡೆ.

ಆಗಸ್ಟ್ 8, ಶನಿವಾರ

ಮಳೆ ಚೆನ್ನಾಗಿ ಬಂತು. ಕೆರೆ ತುಂಬಿದೆ, ಮುಚ್ಚಲಿಲ್ಲ. ಇರಲಿ, ಮುಂದೆ ಏನು ಹೂಡಿದ್ದಾರೋ. ಜೀಪಿನಲ್ಲಿ ಪ್ಲಾಸ್ಟಿಕ್ ಚೀಲ ತುಂಬ ಮೀನುಮರಿ ತಂದು ಬಿಟ್ಟರು. ಕಾಟ್ಲಾ, ರೋಹು, ಗೆಂಡೆ ಎಂದೆಲ್ಲ ಹೇಳಿದರು. ನನಗೆ ಎಲ್ಲವೂ ಸಾಸಿವೆ ಸಿಡಿದಂತೆ ಕಂಡವು.

ಇವರಿಗೆ ಮತ್ತೆ ಸುಸ್ತು. ಜೋಯಿಸರ ಮನೆಗೆ ಹೋಗಿ ಜಾತಕ ತೋರಿಸಿದೆ. "ಕನ್ಯಾ ರಾಶಿಯವರಿಗೆ ಈಗ ಜನ್ಮಶನಿ ಕಣಮ್ಮ. ದಿನಾ ಸಂಜೆ ಮೀನಿಗೆ ಗೋಧಿಹಿಟ್ಟಿನ ಉಂಡೆ ಹಾಕಿ. ಕಾರ್ತಿಕ ಮುಗಿಯೋವರೆಗೂ ಬಿಡಬಾರದು. ನಡುವೆ ಬಿಟ್ರೆ ಮಾಡಿದ್ದೆಲ್ಲ ತಿರುಗಿ ಬೀಳುತ್ತೆ" ಎಂದರು. ಜೋಯಿಸರನ್ನು ನಾನು ಪೂರ್ತಿ ನಂಬುವವಳಲ್ಲ. ಆದರೆ ಶನಿಯ ಮೇಲೆ ಅನುಮಾನಪಡುವಷ್ಟು ಧೈರ್ಯ ನನಗಿಲ್ಲ.

ಇಂದಿನಿಂದಲೇ ಆರಂಭಿಸಿದೆ. ಇವರಿಗೆ ಕಾರಣ ಹೇಳಿಲ್ಲ, ಪುಣ್ಯದ ಕೆಲಸ ಎಂದಷ್ಟೇ ಹೇಳಿದ್ದೇನೆ.

ಸೆಪ್ಟೆಂಬರ್ 2, ಬುಧವಾರ

ಇಂದು ಒಂದು ತಮಾಷೆ ನಡೆಯಿತು. ಉಂಡೆ ಹಾಕಿದ ಮೇಲೆ ಕೈಗೆ ಅಂಟಿದ ಹಿಟ್ಟು ಉದುರಲೆಂದು ದಿನವೂ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದೆ. ಇಂದು ಡಬ್ಬಿಯ ಮುಚ್ಚಳ ತೆರೆಯುವಾಗಲೇ ಹಿಟ್ಟು ಚೆಲ್ಲಿ, ಮೊದಲೇ ತಟ್ಟಿಬಿಟ್ಟೆ. ನೀರೆಲ್ಲ ಕದಡಿ ಎಲ್ಲೆಲ್ಲಿಂದಲೋ ಮೀನು ಬಂದವು! ಬೆರಳುದ್ದ ಬೆಳೆದಿವೆ. ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮೆಟ್ಟಿಲಿಗೇ ಮುತ್ತಿಕೊಂಡವು.

ಮನೆಗೆ ಬಂದು ಇವರಿಗೆ ಹೇಳಿದೆ. ಎಷ್ಟೋ ದಿನದ ಮೇಲೆ ಇವರು ಜೋರಾಗಿ ನಕ್ಕರು. ಅನ್ನವನ್ನೂ ಎರಡನೆಯ ಸಲ ಹಾಕಿಸಿಕೊಂಡರು.

ಸೆಪ್ಟೆಂಬರ್ 19, ಶನಿವಾರ

ಆ ಪಿಳ್ಳಣ್ಣನ ಸೊಕ್ಕು ಎಷ್ಟಿರಬೇಕು! ಮೆಟ್ಟಿಲ ಹತ್ತಿರ ನನ್ನ ದಾರಿಗೆ ಅಡ್ಡ ನಿಂತ.

"ಅಮ್ಮಾವ್ರೆ, ಡಬ್ಬೀಲಿ ಏನದೆ?"

"ಗೋಧಿಹಿಟ್ಟಪ್ಪ. ನಿನ್ನ ಹೆಂಡತಿ ಕೊಟ್ಟ ಗೋಧೀದೇ."

"ಹಿಟ್ಟಿನೊಳಗೆ ಕಾರೆಕಾಯಿ ಅರೆದು ಸೇರಿಸಿದ್ರೆ ಬೆಳಗಾಗೋ ಹೊತ್ಗೆ ಕೆರೆ ತುಂಬ ಮೀನು ಅಂಗಾತ. ವಿಷ ಹಾಕೋರು ಹಿಂಗೇ ಉಂಡೆ ಕಟ್ಕೊಂಡು ಬರೋದು. ಒಂದು ತಿಂದು ತೋರ್ಸಿ, ಆಮೇಲೆ ಹಾಕಿ."

ನನ್ನನ್ನು! ನಾನು ವಿಷ ಹಾಕುವವಳು! ಮೈಯೆಲ್ಲ ಉರಿದುಹೋಯಿತು. ಡಬ್ಬಿಯಿಂದ ದೊಡ್ಡ ಉಂಡೆಯೊಂದನ್ನೇ ಆರಿಸಿ ಅವನೆದುರಿಗೇ ಬಾಯಿಗೆ ಹಾಕಿಕೊಂಡೆ. ಹಸಿ ಹಿಟ್ಟು ಗಂಟಲಿಗೆ ಅಂಟಿಕೊಂಡು ಕಣ್ಣಲ್ಲಿ ನೀರು ಬಂತು. ಅವನಿಗೆ ಗಾಬರಿಯಾಗಿ ಅಂಕಮ್ಮನನ್ನು ಕೂಗಿ ನೀರು ತರಿಸಿದ. ಅವಳ ಚೊಂಬಿನ ನೀರನ್ನು ಕುಡಿದೂ ಬಿಟ್ಟೆ, ಏನು ಮಾಡುವುದು.

"ಬ್ಯಾಸರ ಮಾಡ್ಕಬ್ಯಾಡಿ. ಇವನ್ನ ಮಕ್ಕಳಂಗೆ ಕಾಯ್ತಿದೀವಿ. ಸಂಕ್ರಾಂತಿ ಕಳೀಲಿ, ಒಂದೊಂದೂ ಹಿಂಗಿರ್ತವೆ" ಎಂದು ಮೊಳ ತೋರಿಸಿದ. "ಆಗ ಹಿಡಿದು ಮಾರ್ಕೆಟ್ಟಿಗೆ ಹಾಕಿದ್ರೆ ನಮ್ಮ ಅಷ್ಟೂ ಮನೇಗೂ ವರ್ಷದ ಅನ್ನ."

"ಹಿಡಿದು?" ಎಂದೆ.

"ಮತ್ತೆ? ಚಂದ ನೋಡಕ್ಕೆ ಸಾಕ್ತದಾ ಸರ್ಕಾರ?"

ಇಷ್ಟು ದಿನ ಇದು ನನಗೆ ಹೊಳೆದಿರಲೇ ಇಲ್ಲ. ಹೊಳೆಯದೆ ಇದ್ದದ್ದು ಹೇಗೋ. ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಇವರು ಕೇಳಿದ್ದಕ್ಕೆ ಸೆಕೆ ಎಂದೆ.

ಅಕ್ಟೋಬರ್ 11, ಭಾನುವಾರ

ದಸರಾ ಮುಗಿದಾಗಿನಿಂದ ಗಮನಿಸುತ್ತಿದ್ದೇನೆ, ಮೀನು ಕಡಿಮೆಯಾಗಿವೆ. ಚಪ್ಪಾಳೆ ತಟ್ಟಿದರೆ ಮೊದಲಿನ ಹಾಗೆ ನೀರು ಕುದಿಯುವುದಿಲ್ಲ. ಉಂಡೆ ತಿನ್ನಲು ಮೀನೇ ಇಲ್ಲದಿದ್ದರೆ ವ್ರತ ಹೇಗೆ ಸಲ್ಲಬೇಕು? ನಿನ್ನೆ ಇವರಿಗೆ ಎಡತೋಳು ಜೋಮು ಹಿಡಿದಿತ್ತು. ಮಗ್ಗುಲಾಗಿ ಮಲಗಿದ್ದಕ್ಕೆ ಎಂದರು. ನಾನು ನಂಬಲಿಲ್ಲ.

ಚಿನ್ನಪ್ಪನವರು ಅಲ್ಲಲ್ಲಿ ಬಲೆ ಬೀಸಿ ಪರೀಕ್ಷೆ ಮಾಡಿದರಂತೆ. "ಕಳ್ಳತನ ನಡೀತಿದೆ ಮೇಡಂ. ಹೀಗೇ ಆದ್ರೆ ಸಂಘಕ್ಕೆ ಕೊಟ್ಟ ಹಕ್ಕು ರದ್ದಾಗಿ ಕೆರೆ ಹರಾಜಿಗೆ ಹೋಗುತ್ತೆ" ಎಂದು ಮುಖ ಸಣ್ಣದು ಮಾಡಿಕೊಂಡರು.

ಕಳ್ಳ ಯಾರು ಎಂದು ಜೋಯಿಸರನ್ನು ಕೇಳಬೇಕಾಗಿಲ್ಲ. ಹಾಲಿಗೆ ಬೆಕ್ಕನ್ನು ಕಾವಲಿಟ್ಟಿದ್ದಾರೆ. ಪಿಳ್ಳಣ್ಣ ಮಾತ್ರ ನೀರುಕಾಗೆಯ ಮೇಲೆ ಹೇಳುತ್ತಾನೆ, ಅರೆಕೆರೆ ಊರಿನವರ ಮೇಲೆ ಹೇಳುತ್ತಾನೆ, ಒಂದು ದಿನ ಆಮೆಯ ಮೇಲೂ ಹೇಳಿದ. ಕುಡಿದ ದಿನ ಒಂದು ಹೆಸರು, ಕುಡಿಯದ ದಿನ ಇನ್ನೊಂದು.

ನಮ್ಮ ರಸ್ತೆಯ ಕೊನೆಯಲ್ಲಿ ಕಟ್ಟುತ್ತಿರುವ ಮನೆಯ ಕಾವಲಿಗೆ ಶಂಭುಲಿಂಗಪ್ಪ ಎಂಬವನಿದ್ದಾನೆ. ಹಣೆ ತುಂಬ ವಿಭೂತಿ, ಬೆಳಗಾದರೆ ಪೂಜೆ, ಮಾತು ಮೆತ್ತಗೆ. ಮೀನಿನ ಬುಟ್ಟಿ ದಾಟಿದರೂ ಮೂಗು ಮುಚ್ಚಿಕೊಳ್ಳುತ್ತಾನೆ. ಮೀನು ಕಾಯಲು ಮೀನು ತಿನ್ನದವನೇ ಸರಿ ಎಂದು ಚಿನ್ನಪ್ಪನವರಿಗೆ ಬಿಡಿಸಿ ಹೇಳಿದೆ. ಪಿಳ್ಳಣ್ಣನ ವಿರುದ್ಧ ಅರ್ಜಿಯನ್ನೂ ಕೊಟ್ಟೆ.

ಇವರು ಕೇಳಿ, "ತಿನ್ನದೇ ಇರೋನು ಮಾರಬಾರದು ಅಂತ ಏನಾದ್ರೂ ಇದೆಯೇನೇ?" ಎಂದರು. ಕಾಯಿಲೆಯವರಿಗೆ ಎಲ್ಲದರಲ್ಲೂ ಕೊಂಕೇ.

ಅಕ್ಟೋಬರ್ 17, ಶನಿವಾರ

ಪಿಳ್ಳಣ್ಣನನ್ನು ಕಾವಲಿನಿಂದ ತೆಗೆದು ಶಂಭುಲಿಂಗಪ್ಪನನ್ನು ಹಾಕಿದರು.

ಸಂಜೆ ಅಂಕಮ್ಮ ಬಂದು ಗೇಟಿನ ಆಚೆಯೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. "ನಮ್ಮೋನ ಬಾಯಿ ಕೆಟ್ಟದು ಅಮ್ಮ, ಕೈ ಕೆಟ್ಟದ್ದಲ್ಲ. ಕಳ್ಳ ಅಂತ ಊರೆಲ್ಲ ಅಂತಾರೆ. ಉಂಡಿಲ್ಲ, ಮಾತಾಡಿಲ್ಲ, ಮೂಲೇಲಿ ಕುಂತವ್ನೆ" ಎಂದಳು.

"ಕದ್ದಿಲ್ಲ ಅಂದ್ಮೇಲೆ ಭಯ ಯಾಕಮ್ಮ?" ಎಂದೆ.

ಅವಳು ಸೆರಗು ಹೊದ್ದು ಹೊರಟುಹೋದಳು. ನನ್ನ ಮಾತಿನಲ್ಲಿ ತಪ್ಪೇನಿದೆ? ಆದರೂ ಸಾರಿಗೆ ಉಪ್ಪು ಹಾಕುವುದು ಮರೆತೆ.

ಅಕ್ಟೋಬರ್ 30, ಶುಕ್ರವಾರ

ಕಾರ್ತಿಕ ಹುಟ್ಟಿತು. ಮೀನು ಇನ್ನೂ ಕಡಿಮೆ. "ಆ ಪಿಳ್ಳಣ್ಣನೇ ಹೊಟ್ಟೆಕಿಚ್ಚಿಗೆ ಜನ ಬಿಟ್ಟು ಹಿಡಿಸ್ತಿದಾನೆ ತಾಯಿ" ಎಂದ ಶಂಭುಲಿಂಗಪ್ಪ. ನಾನೂ ಹಾಗೇ ಎಂದುಕೊಂಡಿದ್ದೆ. ಪಾಪ, ನಾನು ಮೆಟ್ಟಿಲಿಳಿಯುವಾಗ ಕೈಯಿಂದ ಡಬ್ಬಿ ತೆಗೆದುಕೊಂಡು ಪಕ್ಕದಲ್ಲೇ ನಿಂತಿರುತ್ತಾನೆ.

ನವೆಂಬರ್ 4, ಬುಧವಾರ

ಇಂದು ತೀರಾ ಕಡಿಮೆ. ಬಹಳ ಹೊತ್ತು ತಟ್ಟಿದೆ.

ಇವರಿಗೆ ಏದುಸಿರು.

ನವೆಂಬರ್ 12, ಗುರುವಾರ

ಕೈಯಿಂದ ಮೀನಿನ ವಾಸನೆ ಇನ್ನೂ ಹೋಗಿಲ್ಲ.

ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಏದುಸಿರು ಮಾತ್ರೆಯಿಂದ ಬಂದದ್ದು, ಮಾತ್ರೆ ಬದಲಾಯಿಸಿದ್ದೇವೆ ಎಂದರು. ಜಯನಗರದಲ್ಲಿ ಬಸ್ಸಿಗೆ ಕಾದು ಕಾದು, ಮನೆಗೆ ಬರುವಾಗಲೇ ಹೊತ್ತು ಇಳಿದಿತ್ತು. ಬೆಳಗ್ಗೆಯೇ ಮಾಡಿಟ್ಟಿದ್ದ ಉಂಡೆಗಳನ್ನು ಎತ್ತಿಕೊಂಡು ಓಡಿದೆ. ಏರಿ ಹತ್ತುವಾಗಲೇ ಚಪ್ಪಾಳೆ ಕೇಳಿಸಿತು. ಎರಡು ಸಲ, ಸ್ವಲ್ಪ ಬಿಟ್ಟು ಎರಡು ಸಲ. ನಾನು ತಟ್ಟುವುದು ಹಾಗೆಯೇ.

ಮೆಟ್ಟಿಲ ಮೇಲೆ ಶಂಭುಲಿಂಗಪ್ಪ. ಪಂಚೆಯ ಮಡಿಲಿನಿಂದ ಕಡ್ಲೆಪುರಿ ಎರಚುತ್ತಿದ್ದ. ನೀರಿನಲ್ಲಿ ಆಚೆಗೊಬ್ಬ, ಈಚೆಗೊಬ್ಬ ಬಲೆ ಹಿಡಿದು ನಿಂತಿದ್ದರು. ಮೀನು ಬಂದವು. ನನ್ನ ಹತ್ತಿರ ಬರುವ ಹಾಗೆಯೇ ಬಾಯಿ ಬಿಟ್ಟುಕೊಂಡು ಬಂದವು. ಇಬ್ಬರೂ ಬಲೆಯನ್ನು ಮೆಟ್ಟಿಲ ಕಡೆಗೆ ಎಳೆದರು. ನೀರಿನಡಿಯಲ್ಲಿ ಅದು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ರೇಷ್ಮೆ ಸೀರೆ ಎಳೆದ ಹಾಗೆ ಬಂತು.

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಗೊತ್ತಿಲ್ಲ. ಅವರು ಬಲೆಯನ್ನು ಅಲ್ಲೇ ಬಿಟ್ಟು ಹೊಲಕ್ಕೆ ಬಿದ್ದು ಓಡಿದರು. ಶಂಭುಲಿಂಗಪ್ಪ ಮಾತ್ರ ಕ್ಷಣ ನಿಂತು, "ನೀವು ದಿನಾ ಕರೀತೀರಲ್ಲ ತಾಯಿ, ನಾನೂ ಕರೆದೆ" ಎಂದ. ಆಮೇಲೆ ಅವನೂ ಹೋದ.

ಮೆಟ್ಟಿಲ ಮೇಲೆಲ್ಲ ಮೀನು ಹೊರಳಾಡುತ್ತಿದ್ದವು. ಹುಟ್ಟಿದಾಗಿನಿಂದ ನಾನು ಮೀನು ಮುಟ್ಟಿದವಳಲ್ಲ. ಎರಡೂ ಕೈಯಲ್ಲಿ ಬಾಚಿ ಬಾಚಿ ನೀರಿಗೆ ಹಾಕಿದೆ. ತಣ್ಣಗಿದ್ದವು, ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಕೆನ್ನೆಗೂ ಬಡಿಯಿತು. ಕೆಲವು ಆಗಲೇ ಸತ್ತಿದ್ದವು. ಅವನ್ನೂ ನೀರಿಗೇ ಹಾಕಿದೆ.

ಉಂಡೆ ಹಾಕಿದೆನೋ ಇಲ್ಲವೋ ಈಗ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಡಬ್ಬಿಯೂ ಮನೆಗೆ ಬಂದಿಲ್ಲ.

ನವೆಂಬರ್ 13, ಶುಕ್ರವಾರ

ಚಿನ್ನಪ್ಪನವರಿಗೆ ಎಲ್ಲ ಹೇಳಿದೆ. ಪೊಲೀಸರಿಗೂ ತಿಳಿಸಿದರು. ಶಂಭುಲಿಂಗಪ್ಪ ಗಂಟುಮೂಟೆ ಕಟ್ಟಿ ಹೋಗಿಯಾಗಿದೆ. ಪಿಳ್ಳಣ್ಣನನ್ನು ಮತ್ತೆ ಕಾವಲಿಗೆ ಕರೆಸಿದರು. ಮೆಟ್ಟಿಲ ಮುಂದೆ ಸೋಮವಾರ ದೋಣಿಯಲ್ಲಿ ತಂದು ಜಾಲಿಮುಳ್ಳು ಮುಳುಗಿಸುತ್ತಾರಂತೆ. "ಇಲ್ಲಿ ಹಾಕಿದ್ದನ್ನ ತೆಗೆಸಿದ್ದು ಯಾಕೋ, ಯಾವುದೋ ಅರ್ಜಿ ಬಂದಿತ್ತು" ಎಂದರು ಚಿನ್ನಪ್ಪನವರು. ಅವರಿಗೆ ನೆನಪಿರಲಿಲ್ಲ, ನಾನೂ ನೆನಪಿಸಲು ಹೋಗಲಿಲ್ಲ. ಪಿಳ್ಳಣ್ಣನಿಗೆ ಚೆನ್ನಾಗಿಯೇ ನೆನಪಿತ್ತು. ನನ್ನ ಮುಖ ನೋಡಿ, ಎಲೆಅಡಿಕೆ ಉಗಿಯಲು ಆಚೆ ಹೋದ.

ಅವನು ತಿರುಗಿ ಬಂದಾಗ ಕೇಳಿದೆ. "ಮುಳ್ಳು ಹಾಕಿದ್ರೆ ಇನ್ನು ಯೋಚನೆಯಿಲ್ಲ ಅಲ್ವೇನಪ್ಪ?"

"ಬಲೆಗೆ ಯೋಚ್ನೆ ಇಲ್ಲ. ಗಾಳ ಹಾಕೋನಿಗೆ ಮುಳ್ಳೇನ್ ಮಾಡ್ತದೆ? ತಟ್ಟಿದ್ರೆ ಮುಳ್ಳಿಂದ ಆಚೆ ಬರ್ತವಲ್ಲ ಅಮ್ಮಾವ್ರೆ. ಆ ಸೂಳೆಮಗ ಇನ್ನೆಷ್ಟು ಜನಕ್ಕೆ ಹೇಳವ್ನೋ. ಮನುಷ್ಯನ ಕಂಡ್ರೆ ಓಡದೆ ಇರೋ ಮೀನು ಕೆರೇಲಿ ಬದುಕಾಕಿಲ್ಲ." ತಲೆ ಕೆರೆದುಕೊಂಡು, "ನಮ್ಮ ತಾತನ ಕಾಲ್ದಾಗೂ ಹಿಂಗೆ ಆಗಿರ್ನಿಲ್ಲ. ಏನ್ ಮಾಡ್ಬೇಕೋ ನಂಗೂ ತಿಳೀದು" ಎಂದ.

ಏನು ಮಾಡಬೇಕು ಎಂದು ನನಗೆ ತಿಳಿದಿತ್ತು, ಉಂಡೆ ನಿಲ್ಲಿಸಿ ಅವಕ್ಕೆ ಭಯ ಕಲಿಸಬೇಕು. ತಿಳಿಯದವಳ ಹಾಗೆ ಮನೆಗೆ ಬಂದೆ. ಕಾರ್ತಿಕ ಮುಗಿಯಲು ಇನ್ನೂ ದಿನಗಳಿವೆ. ಇಂದೂ ಉಂಡೆ ಹಾಕಿದೆ, ಚಪ್ಪಾಳೆ ತಟ್ಟದೆ. ತಟ್ಟದಿದ್ದರೂ ನನ್ನ ಕಾಲಸಪ್ಪಳಕ್ಕೇ ಬಂದವು.

ನವೆಂಬರ್ 14, ಶನಿವಾರ

ಇವರಿಗೆ ಹೇಳಿಬಿಟ್ಟೆ. ಜೋಯಿಸರ ಮಾತು, ಶನಿ, ನಡುವೆ ಬಿಟ್ಟರೆ ತಿರುಗಿ ಬೀಳುವುದು, ಎಲ್ಲವನ್ನೂ. ಹೇಳುವಾಗ ಅತ್ತೂ ಬಿಟ್ಟೆ.

"ನನ್ನ ಜೀವ ಮೀನಿನ ಬಾಯಲ್ಲಿದೆ ಅಂತ ನನಗೇ ಗೊತ್ತಿರ್ಲಿಲ್ಲವಲ್ಲೇ" ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೂ ನಗು ನಿಲ್ಲಿಸಿ ಕೇಳಿದರು. "ಆ ಪಿಳ್ಳಣ್ಣನೋರ ಮನೆಗಳು ಎಷ್ಟಿವೆ?"

"ಒಂದು ಕೇರಿ."

"ಕೆರೆ ಹರಾಜಾದ್ರೆ ಏನ್ಮಾಡ್ತಾರೆ?"

ನನಗೆ ಸಿಟ್ಟು ಬಂತು. ಅವರಿಗೆ ಇಡೀ ಕೇರಿಯಿದೆ, ನನಗಿರುವುದು ನೀವೊಬ್ಬರೇ ಎಂದು ಕೂಗಿದೆ. ಕೂಗಿದ ಮೇಲೆ, ಇವರ ಎದೆಗೆ ಏನಾದರೂ ಆದರೆ ಎಂದು ಹೆದರಿ ಸುಮ್ಮನಾದೆ. ಏನೂ ಆಗಲಿಲ್ಲ. ಇವರು ನನ್ನ ಕೈ ಹಿಡಿದುಕೊಂಡರು. ನಾನು ಸತ್ತರೂ ನಿನ್ನ ಮೇಲೆ ಅನುಮಾನಪಡುವುದಿಲ್ಲ ಎಂದರು. ಇದೂ ಒಂದು ತಮಾಷೆ ಇವರಿಗೆ.

ಆ ಮೀನನ್ನೂ ಕೊನೆಗೆ ಹಿಡಿದು ಮಾರುವುದೇ ತಾನೇ ಎಂದು ಮಧ್ಯಾಹ್ನವೆಲ್ಲ ಮನಸ್ಸಿಗೆ ಹೇಳಿಕೊಂಡೆ. ಅದು ಕೇಳಲಿಲ್ಲ.

ನವೆಂಬರ್ 15, ಭಾನುವಾರ

ಸಂಜೆ ಸೆರಗಿನಲ್ಲಿ ಸಣ್ಣ ಕಲ್ಲು ತುಂಬಿಕೊಂಡು ಹೋದೆ.

ಎರಡು ಸಲ ತಟ್ಟಿದೆ. ಬಂದವು, ಎಷ್ಟು ಉಳಿದಿದ್ದವೋ ಅಷ್ಟೂ. ಮೊದಲ ಕಲ್ಲು ಹಾಕಿದೆ. ಅದು ಬಿದ್ದ ಜಾಗಕ್ಕೇ ಎಲ್ಲವೂ ನುಗ್ಗಿದವು. ಉಂಡೆ ಎಂದುಕೊಂಡವು. ಇನ್ನೊಂದು ಹಾಕಿದೆ, ಅದಕ್ಕೂ ನುಗ್ಗಿದವು. ಒಂದು ಮೀನು ಕಲ್ಲನ್ನು ಬಾಯಿಗೆ ತೆಗೆದುಕೊಂಡು ಉಗುಳಿ, ಮತ್ತೆ ನನ್ನ ಕಡೆಗೇ ಮುಖ ಮಾಡಿ ನಿಂತಿತು. ಅನುಮಾನವೆಂಬುದೇ ಇಲ್ಲವಲ್ಲ ಇವಕ್ಕೆ ಎಂದು ನನಗೆ ಅಳು ಬಂತು.

ಮೆಲ್ಲಗೆ ಹಾಕಿದರೆ ಆಗುವುದಿಲ್ಲ ಎಂದು ಗೊತ್ತಾಯಿತು. ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಕೈಯೆತ್ತಿ ಬೀಸಿ ಹೊಡೆದೆ. "ಹೋಗಿ, ಹೋಗ್ರೇ, ಬರಬೇಡಿ" ಎಂದು ಹುಚ್ಚಿಯ ಹಾಗೆ ಕೂಗಿದೆ. ಒಂದಕ್ಕೆ ತಗುಲಿತು. ಅದು ಬೆಳ್ಳಗೆ ಮಗುಚಿಕೊಂಡು, ಒದ್ದಾಡಿ, ಆಳಕ್ಕೆ ಹೋಯಿತು. ಆಗ ಉಳಿದವೂ ಹೋದವು.

ಅದು ಬದುಕಿತೋ ಇಲ್ಲವೋ ನೋಡಲಾಗಲಿಲ್ಲ.

ನವೆಂಬರ್ 19, ಗುರುವಾರ

ಇಂದೂ ಹೋಗಿ ತಟ್ಟಿ ಹೊಡೆದು ಬಂದೆ. ಕೆಲವೇ ಬಂದಿದ್ದವು. ಮುಳ್ಳು ಹಾಕಿದ ಮೇಲೆ ಉಳಿದವು ಅದರೊಳಗಿಂದಲೇ ನೋಡುತ್ತವೆ. ಅಂಕಮ್ಮ ಬಟ್ಟೆ ಒಗೆಯುತ್ತಿದ್ದವಳು ನನ್ನನ್ನು ಕಂಡು ಎದ್ದು ಬಂದು, ಸುಮ್ಮನೆ ತನ್ನ ಮಡಿಲಿನಲ್ಲೂ ಕಲ್ಲು ಆರಿಸಿಕೊಂಡು ಪಕ್ಕದಲ್ಲಿ ನಿಂತಳು.

ಇವರು ಚೆನ್ನಾಗಿದ್ದಾರೆ. ಚೆನ್ನಾಗಿದ್ದಾರೆ ಎಂದು ಬರೆಯಲೂ ಭಯ.

ನವೆಂಬರ್ 26, ಗುರುವಾರ

ಕಾರ್ತಿಕ ಮುಗಿಯಿತು. ಇವರು ಹಟ ಹಿಡಿದು ಏರಿಯವರೆಗೂ ನಡೆದು ಬಂದರು. ದಾರಿಯುದ್ದಕ್ಕೂ ನಾನು ಇವರ ಉಸಿರನ್ನೇ ಕೇಳುತ್ತಿದ್ದೆ. ನಡುವೆ ಒಮ್ಮೆ ನಿಂತರು, ಎಮ್ಮೆಗೆ ದಾರಿ ಬಿಡಲು.

ಪಿಳ್ಳಣ್ಣ ತೂಬಿನ ಮೇಲೆ ಕುಳಿತಿದ್ದ. ಕುಡಿದಿದ್ದನೋ 'ಅಪ್ಪಾವ್ರು' ಬಂದರೆಂದು ಸಂತೋಷವೋ, ಎದ್ದು ನಿಂತು ಕೈಮುಗಿದ. "ತಟ್ಟಿ ನೋಡಿ ಅಮ್ಮಾವ್ರೆ" ಎಂದ.

ತಟ್ಟಿದೆ. ನೀರು ಅಲುಗಲಿಲ್ಲ. ಮತ್ತೆ ತಟ್ಟಿದೆ. ಎಲ್ಲೋ ಆಚೆ ದಡದ ಹತ್ತಿರ ಒಂದು ಮೀನು ಹಾರಿ ಬಿದ್ದ ಸದ್ದಾಯಿತು, ಅಷ್ಟೇ.

"ಗೆದ್ರಿ ಬುಡಿ, ಕಲ್ತ್ಕೊಂಡವೆ" ಎಂದು ಪಿಳ್ಳಣ್ಣ ನಕ್ಕು, ಬೀಡಿ ಹಚ್ಚಿಕೊಂಡು ಏರಿಯ ಮೇಲೆ ಹೊರಟ. ಇವರೂ ಅವನ ಜೊತೆ ಮಾತಾಡಿಕೊಂಡು ಮುಂದೆ ಹೋದರು.

ಅವರಿಬ್ಬರೂ ಅಷ್ಟು ದೂರ ಹೋದ ಮೇಲೆ, ಯಾರಿಗೂ ಕೇಳಿಸದ ಹಾಗೆ, ಮೆಲ್ಲಗೆ ಇನ್ನೊಂದು ಸಲ ತಟ್ಟಿದೆ.